ಪೊಟ್ಯಾಸಿಯಂ ಕರೆಂಟ್ ಇಳಿಯಿತು, ಇಳಿಸಿದ್ದು ಯಾರು? ಕೆವಿ ಚಾನೆಲ್‌ಗಳ ನಿಯಂತ್ರಣವನ್ನು ಹಂತ ಹಂತವಾಗಿ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಕೆವಿ (Kv) ಅಂದರೆ ಕೋಶದ ಪೊರೆಯಲ್ಲಿದ್ದು, ವೋಲ್ಟೇಜ್‌ಗೆ ತಕ್ಕಂತೆ ಪೊಟ್ಯಾಸಿಯಂಗೆ ದಾರಿ ಬಿಡುವ ಚಾನೆಲ್. ಪೊರೆಯ ವೋಲ್ಟೇಜ್ ಏರಿದರೆ ಚಾನೆಲ್ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಪಠ್ಯಪುಸ್ತಕದಲ್ಲಿ ವಿಷಯ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಜೀವಕೋಶದೊಳಗೆ ಅದೇ ಚಾನೆಲ್ ಮೇಲೆ ಪೊರೆಯ ಲಿಪಿಡ್, ಕ್ಯಾಲ್ಸಿಯಂ, ಫಾಸ್ಫೇಟ್ ಅಂಟಿಸುವ ಕೈನೇಸ್, ಅದನ್ನು ಕೀಳುವ ಫಾಸ್ಫಟೇಸ್, ಜೊತೆಗಾರ ಪ್ರೋಟೀನ್ ಎಲ್ಲವೂ ಕೈಯಾಡಿಸುತ್ತವೆ. ಔಷಧ ಹಾಕಿದಿರಿ, ಕರೆಂಟ್ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಇಳಿಸಿದ್ದು ಯಾರು, ಎಲ್ಲಿ ಕೈಹಾಕಿ ಇಳಿಸಿದರು ಅನ್ನುವುದನ್ನು ಹುಡುಕುವ ದಾರಿ ಇಲ್ಲಿದೆ. ಎಂ.ಎಸ್ಸಿ ಮುಗಿಸಿ ಮೊದಲ ಸಲ ಪ್ಯಾಚ್-ಕ್ಲ್ಯಾಂಪ್ ರಿಗ್ (ಸಣ್ಣ ಗಾಜಿನ ಪಿಪೆಟ್‌ನಿಂದ ಕೋಶದ ಕರೆಂಟ್ ಅಳೆಯುವ ಸಲಕರಣೆ) ಮುಂದೆ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರಿಗ್ ಮುಟ್ಟದವರೂ ತರ್ಕವನ್ನು ಹಿಂಬಾಲಿಸಬಹುದು.

ಮೊದಲು ಒಂದು ಸಮೀಕರಣ

ಕೋಶದ ಒಟ್ಟು ಕರೆಂಟ್ = ಪೊರೆಯಲ್ಲಿರುವ ಚಾನೆಲ್‌ಗಳ ಸಂಖ್ಯೆ × ಅವು ತೆರೆದಿರುವ ಸಾಧ್ಯತೆ × ಒಂದು ಚಾನೆಲ್‌ನಲ್ಲಿ ಹರಿಯುವ ಕರೆಂಟ್.

ಕೆಆರ್‌ಎಸ್‌ನಿಂದ ಎಷ್ಟು ನೀರು ಹೊರಗೆ ಹೋಗುತ್ತದೆ ಅಂತ ಲೆಕ್ಕ ಹಾಕುವ ಹಾಗೆಯೇ ಇದು: ಗೇಟುಗಳೆಷ್ಟು, ಅವುಗಳಲ್ಲಿ ತೆರೆದಿರುವುದೆಷ್ಟು, ಜಲಾಶಯದ ಮಟ್ಟ ಎಷ್ಟಿದೆ. ಮುಂದಿನ ಎಲ್ಲ ಹಂತಗಳೂ ಈ ಮೂರರಲ್ಲಿ ಯಾವುದು ಬದಲಾಯಿತು ಅನ್ನುವ ಪ್ರಶ್ನೆಗೇ ಬಂದು ನಿಲ್ಲುತ್ತವೆ. ಉತ್ತರ ಸಿಗುವ ತನಕ "ಈ ಅಣು ಚಾನೆಲನ್ನು ನಿಯಂತ್ರಿಸುತ್ತದೆ" ಅಂತ ಬರೆಯಬೇಡಿ. ಕರೆಂಟ್ ಬದಲಾಯಿತು ಅಂತ ಬರೆಯಿರಿ, ಸಾಕು.

ಹಂತ 1: ಚಾನೆಲ್ ಆಯ್ಕೆ

ಮನುಷ್ಯರಲ್ಲಿ ಈ ಗುಂಪಿನ ಸುಮಾರು 40 ಜೀನ್‌ಗಳಿವೆ. ಕೆವಿ1ರಿಂದ ಕೆವಿ12ರ ತನಕ ಹನ್ನೆರಡು ಕುಟುಂಬಗಳು. ಎಲ್ಲದರ ಅಚ್ಚು ಒಂದೇ. ನಾಲ್ಕು ಉಪಘಟಕ ಸೇರಿದರೆ ಒಂದು ಚಾನೆಲ್. ಪ್ರತಿ ಉಪಘಟಕವೂ ಪೊರೆಯನ್ನು ಆರು ಸಲ ದಾಟುತ್ತದೆ. ನಾಲ್ಕನೆಯ ದಾಟು, ಅಂದರೆ ಎಸ್4, ಧನ ವಿದ್ಯುದಂಶದ ಅಮೈನೋ ಆಮ್ಲಗಳನ್ನು ಹೊತ್ತಿರುತ್ತದೆ. ವೋಲ್ಟೇಜ್ ಬದಲಾದಾಗ ಮೊದಲು ಅಲುಗಾಡುವುದು ಅದೇ. ಐದು ಮತ್ತು ಆರನೆಯ ದಾಟುಗಳ ನಡುವಿನ ತಿರುವಿನಲ್ಲಿ ಪೊಟ್ಯಾಸಿಯಂ ಅನ್ನು ಮಾತ್ರ ಬಿಡುವ ಜರಡಿ ಇದೆ. ಇದೇ ಬಗೆಯ ಜರಡಿಯನ್ನು ಒಂದು ಬ್ಯಾಕ್ಟೀರಿಯಾ ಚಾನೆಲ್‌ನಲ್ಲಿ 1998ರಲ್ಲಿ ತೋರಿಸಿದ ರೊಡರಿಕ್ ಮೆಕಿನನ್‌ಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಮಾರ್ಗದರ್ಶಿಗೆ ನಾನು ಆರಿಸಿಕೊಂಡಿರುವುದು ಕೆವಿ7.2 ಮತ್ತು ಕೆವಿ7.3 ಸೇರಿ ಆಗುವ ಚಾನೆಲ್. ನರಕೋಶಗಳ ಎಂ-ಕರೆಂಟ್ ಬರುವುದು ಮುಖ್ಯವಾಗಿ ಇದರಿಂದ. 1980ರಲ್ಲಿ ಬ್ರೌನ್ ಮತ್ತು ಆಡಮ್ಸ್ ಕಪ್ಪೆಯ ಸಿಂಪಥೆಟಿಕ್ ನರಕೋಶಗಳಲ್ಲಿ ಇದನ್ನು ಗುರುತಿಸಿದರು. ಮಸ್ಕರಿನಿಕ್ ಗ್ರಾಹಕ (ಅಸೆಟೈಲ್‌ಕೋಲಿನ್ ಎಂಬ ನರಸಂದೇಶಕವನ್ನು ಹಿಡಿಯುವ ಪೊರೆಯ ಪ್ರೋಟೀನ್) ಚುರುಕಾದರೆ ಈ ಕರೆಂಟ್ ಅಡಗುತ್ತದೆ. ಎಂ ಅನ್ನುವ ಹೆಸರು ಬಂದಿದ್ದು ಅಲ್ಲಿಂದಲೇ. ಹಿಂದಿರುವ ಜೀನ್‌ಗಳು ಯಾವುವು ಅಂತ ಗೊತ್ತಾಗಿದ್ದು 1998ರಲ್ಲಿ. ಅದೇ ವರ್ಷ ಈ ಜೀನ್‌ಗಳ ದೋಷವನ್ನು ನವಜಾತ ಶಿಶುಗಳಿಗೆ ಬರುವ ಒಂದು ಆನುವಂಶಿಕ ಫಿಟ್ಸ್‌ಗೆ ಜೋಡಿಸಲಾಯಿತು.

ಕಲಿಯಲು ಇದು ಒಳ್ಳೆಯ ಚಾನೆಲ್. ನಿಧಾನವಾಗಿ ತೆರೆಯುತ್ತದೆ. ತೆರೆದ ಮೇಲೆ ತಾನಾಗಿ ಜಡವಾಗುವುದಿಲ್ಲ, ಅಂದರೆ ವೋಲ್ಟೇಜ್ ಹಾಗೇ ಇರುವಾಗ ತಾನೇ ಹರಿವು ನಿಲ್ಲಿಸುವುದಿಲ್ಲ. ಹಾಗಾಗಿ ಕರೆಂಟ್ ಇಳಿದರೆ ಅದಕ್ಕೆ ಹೊರಗಿನ ಕಾರಣ ಇರಲೇಬೇಕು. ಹಣ್ಣಿನ ನೊಣದ ಶೇಕರ್ ಚಾನೆಲ್ ಅಥವಾ ಕೆವಿ1.4 ತೆಗೆದುಕೊಂಡರೆ ಈ ಅನುಕೂಲ ಇಲ್ಲ. ಅವುಗಳ ಎನ್-ತುದಿಯ (ಪ್ರೋಟೀನ್ ಸರಪಳಿ ಶುರುವಾಗುವ ತುದಿಯ) ತುಣುಕೇ ಬಂದು ಒಳಗಿನಿಂದ ರಂಧ್ರ ಮುಚ್ಚುತ್ತದೆ.

ಹಂತ 2: ಕೋಶ ಮತ್ತು ದ್ರಾವಣ

ಲ್ಯಾಬ್‌ನಲ್ಲಿ ಬೆಳೆಸುವ ಸಿಎಚ್‌ಒ (ಹ್ಯಾಮ್‌ಸ್ಟರ್) ಕೋಶಗಳನ್ನು ತೆಗೆದುಕೊಳ್ಳಿ. ಎಚ್‌ಇಕೆ293 ಎಂಬ ಮನುಷ್ಯ ಮೂಲದ ಕೋಶ ಕೂಡ ನಡೆಯುತ್ತದೆ, ಆದರೆ ಅದಕ್ಕೆ ತನ್ನದೇ ಆದ ಸಣ್ಣ ಪೊಟ್ಯಾಸಿಯಂ ಕರೆಂಟ್ ಇರುತ್ತದೆ. ಕೆವಿ7.2, ಕೆವಿ7.3, ಎಂ1 ಮಸ್ಕರಿನಿಕ್ ಗ್ರಾಹಕ ಇವುಗಳ ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಜೊತೆಗೆ ಗುರುತಿಗೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಪ್ಲಾಸ್ಮಿಡ್ ಸೇರಿಸಿ ಟ್ರಾನ್ಸ್‌ಫೆಕ್ಟ್ ಮಾಡಿ, ಅಂದರೆ ಕೋಶದೊಳಗೆ ಸೇರಿಸಿ. ಒಂದೆರಡು ದಿನ ಬಿಟ್ಟು ರೆಕಾರ್ಡ್ ಮಾಡಿ. ತುಂಬಾ ಹೊಳೆಯುವ ಕೋಶ ಸಿಕ್ಕಿತು ಅಂತ ಖುಷಿಪಡಬೇಡಿ. ಅದರಲ್ಲಿ ಕರೆಂಟ್ ವಿಪರೀತ ದೊಡ್ಡದಿರುತ್ತದೆ, ವೋಲ್ಟೇಜ್ ಹಿಡಿತಕ್ಕೆ ಸಿಗುವುದಿಲ್ಲ. ಮಧ್ಯಮ ಹೊಳಪಿನ, ಒಂಟಿಯಾಗಿ ಕೂತ ಕೋಶವೇ ಬೇಕು.

ಹೊರಗಿನ ದ್ರಾವಣದಲ್ಲಿ ಸೋಡಿಯಂ ಕ್ಲೋರೈಡ್ ಸುಮಾರು 140 ಮಿಲಿಮೋಲಾರ್, ಪೊಟ್ಯಾಸಿಯಂ 5, ಕ್ಯಾಲ್ಸಿಯಂ 2, ಮೆಗ್ನೀಸಿಯಂ 1, ಪಿಎಚ್ ಸ್ಥಿರವಾಗಿಡುವ ಹೆಪೀಸ್ 10, ಗ್ಲೂಕೋಸ್ 10 ಇರಲಿ. ಪಿಎಚ್ 7.4. ಪಿಪೆಟ್ ಒಳಗೆ ಪೊಟ್ಯಾಸಿಯಂ 140ರ ಆಸುಪಾಸು, ಹೆಪೀಸ್, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಜಿಟಿಎ, ಮೆಗ್ನೀಸಿಯಂ, ಜೊತೆಗೆ ಎಟಿಪಿ ಸುಮಾರು 3 ಮಿಲಿಮೋಲಾರ್. ಪಿಎಚ್ 7.2ರಿಂದ 7.3. ಎಟಿಪಿಯನ್ನು ಮರೆಯಬೇಡಿ. ಅದನ್ನು ಬಿಟ್ಟರೆ ಚಾನೆಲ್ ತೆರೆದಿರಲು ಬೇಕಾದ ಪೊರೆಯ ಲಿಪಿಡ್ (ಹಂತ 6ರಲ್ಲಿ ಬರುವ ಪಿಐಪಿ2) ಮತ್ತೆ ತಯಾರಾಗುವುದು ನಿಂತು, ನೀವು ಏನೂ ಮಾಡದಿದ್ದರೂ ಕರೆಂಟ್ ಕರಗುತ್ತಾ ಹೋಗುತ್ತದೆ. ಅದನ್ನೇ "ನಿಯಂತ್ರಣ" ಅಂದುಕೊಳ್ಳುವುದು ಸುಲಭ.

ಈ ದ್ರಾವಣಗಳ ಜೊತೆ ಕೋಣೆಯ ತಾಪಮಾನದಲ್ಲಿ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜ್ (ಪೊಟ್ಯಾಸಿಯಂ ಒಟ್ಟಾರೆ ಒಳಗೂ ಹೊರಗೂ ಹರಿಯದ ವೋಲ್ಟೇಜ್) ಸುಮಾರು −85 ಮಿಲಿವೋಲ್ಟ್ ಬರುತ್ತದೆ. ಹೊರಗಿನ ಪೊಟ್ಯಾಸಿಯಂ 5ರ ಬದಲು 10 ಆದರೆ ಅದು −68ಕ್ಕೆ ಬರುತ್ತದೆ. ಅಂದರೆ −20 ಮಿಲಿವೋಲ್ಟ್‌ನಲ್ಲಿ ತಳ್ಳುವ ಬಲ (ಪೊರೆಯ ವೋಲ್ಟೇಜ್‌ಗೂ ಸಮತೋಲನ ವೋಲ್ಟೇಜ್‌ಗೂ ಇರುವ ಅಂತರ) 65ರಿಂದ 48ಕ್ಕೆ ಇಳಿಯಿತು. ಚಾನೆಲ್‌ಗೆ ಏನೂ ಆಗಿಲ್ಲ, ಕರೆಂಟ್ ಕಾಲು ಭಾಗ ಹೋಯಿತು. ಆದ್ದರಿಂದ ಔಷಧ ಕರಗಿಸಿದ ದ್ರಾವಣವನ್ನೂ ಮಾಮೂಲಿ ದ್ರಾವಣವನ್ನೂ ಒಂದೇ ಬಾಟಲಿಯಿಂದ ಮಾಡಿಕೊಳ್ಳಿ. ಸಮೀಕರಣದ ಮೂರನೆಯ ಪದದ ತಲೆನೋವು ಇಲ್ಲೇ ಬಹುಪಾಲು ಮುಗಿಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಹೃದಯದ ಹರ್ಗ್ ಚಾನೆಲ್‌ನಲ್ಲಿ, ಅಂದರೆ ಕೆವಿ11.1ರಲ್ಲಿ, ಹೊರಗಿನ ಪೊಟ್ಯಾಸಿಯಂ ಜಾಸ್ತಿ ಆದರೆ ಬಲ ಕಮ್ಮಿಯಾದರೂ ಹೊರಹರಿವಿನ ಕರೆಂಟ್ ಹೆಚ್ಚುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದವರಿಗೆ ಇಸಿಜಿಯಲ್ಲಿ ಕ್ಯೂಟಿ (ಹೃದಯದ ಕೆಳಕೋಣೆಗಳು ವಿದ್ಯುತ್ತಿನಿಂದ ಕೆರಳಿ ಮತ್ತೆ ಶಾಂತವಾಗಲು ಹಿಡಿಯುವ ಸಮಯ) ಉದ್ದವಾಗುವುದಕ್ಕೆ ಇದೂ ಒಂದು ಕಾರಣ. ಒಂದು ಚಾನೆಲ್‌ನ ನಿಯಮವನ್ನು ಇನ್ನೊಂದಕ್ಕೆ ಸುಮ್ನೆ ಅಂಟಿಸಲು ಆಗುವುದಿಲ್ಲ.

ಹಂತ 3: ಸೀಲ್

ಪ್ಯಾಚ್-ಕ್ಲ್ಯಾಂಪ್ ವಿಧಾನವನ್ನು 1976ರಲ್ಲಿ ಎರ್ವಿನ್ ನೇಯರ್ ಮತ್ತು ಬರ್ಟ್ ಸಾಕ್ಮನ್ ಕೊಟ್ಟರು. 1991ರಲ್ಲಿ ಅವರಿಗೆ ನೊಬೆಲ್ ಬಂತು. ಪಿಪೆಟ್‌ನ ರೋಧ 2ರಿಂದ 4 ಮೆಗಾಓಮ್ ಇರಲಿ. ನೀರಿಗೆ ಇಳಿಸುವ ಮುಂಚೆಯೇ ಸ್ವಲ್ಪ ಧನ ಒತ್ತಡ ಕೊಡಿ. ಇಲ್ಲದಿದ್ದರೆ ತುದಿಗೆ ಕಸ ಅಂಟುತ್ತದೆ.

ಪರದೆ ಮೇಲೆ ಪರೀಕ್ಷಾ ಪಲ್ಸ್ ಚೌಕಾಕಾರವಾಗಿ ಹಾರುತ್ತಿರುತ್ತದೆ. ತುದಿ ಕೋಶಕ್ಕೆ ತಾಗಿದ ಕೂಡಲೇ ಆ ಚೌಕ ಸ್ವಲ್ಪ ಕುಗ್ಗುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಪೊರೆಯ ಮೇಲೆ ಸಣ್ಣ ಗುಳಿ ಕಾಣುತ್ತದೆ. ಆಗ ಒತ್ತಡ ಬಿಡಿ. ಬಾಯಿಯಿಂದಲೋ ಸಿರಿಂಜಿನಿಂದಲೋ ಮೆಲ್ಲಗೆ ಎಳೆಯಿರಿ. ಹೋಲ್ಡಿಂಗ್ ವೋಲ್ಟೇಜನ್ನು −60ಕ್ಕೆ ಇಳಿಸಿ. ಚೌಕ ಚಪ್ಪಟೆಯಾಗಿ, ಎರಡು ತುದಿಯಲ್ಲಿ ಸೂಜಿಯಂಥ ಮುಳ್ಳು ಮಾತ್ರ ಉಳಿದರೆ ಗಿಗಾಓಮ್ ದಾಟಿದೆ ಅಂತ ಅರ್ಥ. ಆ ಮುಳ್ಳುಗಳನ್ನು ಆಂಪ್ಲಿಫೈಯರ್‌ನಲ್ಲಿ ಅಳಿಸಿ. ನಂತರ ಒಂದು ಚುರುಕಾದ ಎಳೆತ. ಪೊರೆ ಒಡೆದು ಮುಳ್ಳುಗಳು ಮತ್ತೆ ಬರುತ್ತವೆ, ಈ ಸಲ ಅಗಲವಾಗಿ, ನಿಧಾನವಾಗಿ ಇಳಿಯುತ್ತಾ. ಈಗ ನೀವು ಕೋಶದೊಳಗೆ ಇದ್ದೀರಿ.

ಸೀರೀಸ್ ರೋಧವನ್ನು, ಅಂದರೆ ಪಿಪೆಟ್‌ಗೂ ಕೋಶದ ಒಳಗಿಗೂ ನಡುವೆ ಇರುವ ರೋಧವನ್ನು, ಬರೆದಿಟ್ಟುಕೊಳ್ಳಿ. ಇದನ್ನು ಅಸಡ್ಡೆ ಮಾಡುವವರು ಜಾಸ್ತಿ. 4 ನ್ಯಾನೋಆಂಪಿಯರ್ ಕರೆಂಟ್, 6 ಮೆಗಾಓಮ್ ರೋಧ ಅಂದರೆ 24 ಮಿಲಿವೋಲ್ಟ್ ತಪ್ಪು. ನೀವು ಕೊಟ್ಟೆ ಅಂದುಕೊಂಡ ವೋಲ್ಟೇಜ್ ಕೋಶಕ್ಕೆ ಸಿಕ್ಕಿಲ್ಲ. ಮುಕ್ಕಾಲು ಪಾಲು ಸರಿದೂಗಿಸಿದರೂ 6 ಮಿಲಿವೋಲ್ಟ್ ಉಳಿಯುತ್ತದೆ. ಔಷಧದಿಂದ ಕರೆಂಟ್ ಇಳಿದಾಗ ಈ ತಪ್ಪೂ ಇಳಿಯುತ್ತದೆ. ಆಗ ವೋಲ್ಟೇಜ್ ವಕ್ರರೇಖೆ ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಅದು ಚಾನೆಲ್‌ನ ಗುಣವಲ್ಲ, ಗಾಜಿನ ಗುಣ. ಇನ್ನು ಟ್ರೇಸ್‌ನಲ್ಲಿ 50 ಹರ್ಟ್ಜ್ ಅಲೆ ಕಂಡರೆ ನಮ್ಮ ಮೇನ್ಸ್ ಕರೆಂಟ್ ನುಗ್ಗಿದೆ ಅಂತ. ಅರ್ಥಿಂಗ್ ನೋಡಿ, ಪಂಪ್‌ಗಳನ್ನು ಒಂದೊಂದಾಗಿ ಪ್ಲಗ್ ಕಿತ್ತು ನೋಡಿ.

ಹಂತ 4: ವೋಲ್ಟೇಜ್ ಪ್ರೋಟೋಕಾಲ್

ಎರಡು ಪ್ರೋಟೋಕಾಲ್ ಸಾಕು.

ಮೊದಲನೆಯದು ಹಳೆಯ ಎಂ-ಕರೆಂಟ್ ಪ್ರೋಟೋಕಾಲ್. ಕೋಶವನ್ನು −20ರಲ್ಲಿ ಹಿಡಿದಿಡಿ. ಅಲ್ಲಿ ಚಾನೆಲ್‌ಗಳು ತೆರೆದೇ ಇರುತ್ತವೆ, ಬೇರೆ ಹಲವು ವೋಲ್ಟೇಜ್-ಗೇಟೆಡ್ ಚಾನೆಲ್‌ಗಳು ಜಡವಾಗಿರುತ್ತವೆ. ಕೆಲವು ಸೆಕೆಂಡಿಗೊಮ್ಮೆ −60ಕ್ಕೆ ಇಳಿಸಿ, ಚಾನೆಲ್‌ಗಳು ನಿಧಾನವಾಗಿ ಮುಚ್ಚುವುದನ್ನು ನೋಡಿ. ಆ ಇಳಿಜಾರಿನ ಎತ್ತರವೇ ನಿಮ್ಮ ಅಳತೆ. ಲೀಕ್ ಕರೆಂಟ್‌ಗೆ (ಈ ಚಾನೆಲ್ ಬಿಟ್ಟು ಬೇರೆ ಕಡೆಯಿಂದ ಸೋರುವ ಕರೆಂಟ್‌ಗೆ) ಇಳಿಜಾರು ಇರುವುದಿಲ್ಲ, ಆದ್ದರಿಂದ ಎರಡನ್ನೂ ಬೇರೆ ಮಾಡುವುದು ಸುಲಭ.

ಎರಡನೆಯದಕ್ಕೆ −80ರಲ್ಲಿ ಹಿಡಿದು, −100ರಿಂದ +40ರ ತನಕ ಹತ್ತತ್ತು ಮಿಲಿವೋಲ್ಟ್ ಮೆಟ್ಟಿಲು ಹತ್ತಿ. ಪ್ರತಿ ಮೆಟ್ಟಿಲಿನ ನಂತರ −60ಕ್ಕೆ ಬಂದು ಟೇಲ್ ಕರೆಂಟ್ (ಚಾನೆಲ್‌ಗಳು ಮುಚ್ಚುವ ಮುಂಚೆ ಕಾಣುವ ಕರೆಂಟ್) ಅಳೆಯಿರಿ. ಟೇಲ್ ಅಳೆಯುವಾಗ ವೋಲ್ಟೇಜ್ ಪ್ರತಿ ಸಲವೂ ಒಂದೇ. ತಳ್ಳುವ ಬಲವೂ ಒಂದೇ. ಹಾಗಾಗಿ ಟೇಲ್‌ನ ಎತ್ತರ ಎಷ್ಟು ಚಾನೆಲ್ ತೆರೆದಿತ್ತು ಅನ್ನುವುದನ್ನು ಮಾತ್ರ ಹೇಳುತ್ತದೆ. ಇವುಗಳನ್ನು ಬೋಲ್ಟ್ಸ್‌ಮನ್ ವಕ್ರರೇಖೆಗೆ (ವೋಲ್ಟೇಜ್ ಏರಿದಂತೆ ಎಷ್ಟು ಚಾನೆಲ್ ತೆರೆಯುತ್ತವೆ ಅನ್ನುವುದನ್ನು ಹೇಳುವ ಎಸ್ ಆಕಾರದ ಗೆರೆಗೆ) ಹೊಂದಿಸಿದರೆ ಎರಡು ಸಂಗತಿ ಸಿಗುತ್ತವೆ: ಅರ್ಧ ತೆರೆಯುವ ವೋಲ್ಟೇಜ್ ಮತ್ತು ಗರಿಷ್ಠ ಎತ್ತರ.

ಇವೆರಡನ್ನೂ ಬೇರೆ ಬೇರೆಯಾಗಿ ನೋಡಿ. ವಕ್ರರೇಖೆ ಪಕ್ಕಕ್ಕೆ ಸರಿದಿದ್ದರೆ ಚಾನೆಲ್‌ನ ವೋಲ್ಟೇಜ್ ಸಂವೇದನೆಗೆ ಯಾರೋ ಕೈಹಾಕಿದ್ದಾರೆ. ಎತ್ತರ ಮಾತ್ರ ಕುಸಿದಿದ್ದರೆ ಒಂದೋ ಚಾನೆಲ್‌ಗಳ ಸಂಖ್ಯೆ ಇಳಿದಿದೆ, ಇಲ್ಲವೇ ಎಷ್ಟೇ ವೋಲ್ಟೇಜ್ ಕೊಟ್ಟರೂ ತೆರೆಯುವ ಸಾಧ್ಯತೆ ಇಳಿದಿದೆ. ಎತ್ತರವನ್ನು 1ಕ್ಕೆ ಸಮ ಮಾಡಿದ ಗ್ರಾಫ್ ಮಾತ್ರ ಹಾಕಿದರೆ ಈ ಎರಡನೆಯ ಸುದ್ದಿ ಪೂರ್ತಿ ಮಾಯವಾಗುತ್ತದೆ. ಸಮ ಮಾಡದ ಗ್ರಾಫನ್ನೂ ಪಕ್ಕದಲ್ಲಿ ಇಡಿ.

ಹಂತ 5: ಔಷಧ ಹಾಕಿ, ಸಮಯ ನೋಡಿ

ಕೆಲವು ನಿಮಿಷ ಏನೂ ಹಾಕದೆ ಕರೆಂಟ್ ಸ್ಥಿರವಾಗಿದೆಯೇ ನೋಡಿ. ನಂತರ ಆಕ್ಸೋಟ್ರೆಮೋರಿನ್-ಎಂ 10 ಮೈಕ್ರೋಮೋಲಾರ್ ಹರಿಸಿ. ಮಸ್ಕರಿನಿಕ್ ಗ್ರಾಹಕಗಳನ್ನು ನಮ್ಮ ದೇಹದಲ್ಲೂ ಚುರುಕು ಮಾಡುವ ವಸ್ತು ಇದು, ಗ್ಲೌಸ್ ಹಾಕಿಕೊಳ್ಳಿ. ಹತ್ತಾರು ಸೆಕೆಂಡುಗಳಲ್ಲಿ ಇಳಿಜಾರು ಚಪ್ಪಟೆಯಾಗುತ್ತದೆ. ತೊಳೆದರೆ ಕೂಡಲೇ ವಾಪಸ್ ಬರುವುದಿಲ್ಲ, ನಿಮಿಷಗಳು ಹಿಡಿಯುತ್ತವೆ. ಕೊನೆಯಲ್ಲಿ ಕೆವಿ7 ತಡೆಯುವ ಎಕ್ಸ್‌ಇ991 ಹಾಕಿ. ಅದು ತಡೆದ ಮೇಲೂ ಉಳಿಯುವ ಕರೆಂಟ್ ನಿಮ್ಮ ಚಾನೆಲ್‌ನದ್ದಲ್ಲ, ಲೆಕ್ಕದಿಂದ ಕಳೆಯಿರಿ.

ಆ ಸಮಯವೇ ದೊಡ್ಡ ಸುಳಿವು. ಔಷಧ ನೇರವಾಗಿ ರಂಧ್ರಕ್ಕೆ ಅಡ್ಡ ಕೂತಿದ್ದರೆ ತೊಳೆದಾಗ ಬೇಗ ಬಿಡಬೇಕಿತ್ತು. ಚಾನೆಲ್‌ಗಳು ಪೊರೆಯಿಂದ ಒಳಗೆ ಹೋಗಿದ್ದರೆ ಸೆಕೆಂಡುಗಳಲ್ಲಿ ಇಷ್ಟು ಇಳಿಯುವುದು ಕಷ್ಟ. ಜೀನ್ ಮಟ್ಟದಲ್ಲಿ ಆದ ಬದಲಾವಣೆಗೆ ಗಂಟೆಗಳೋ ದಿನಗಳೋ ಬೇಕು. ನಡುವಿನ ವೇಗ ಅಂದರೆ ಕೋಶದೊಳಗೆ ಏನೋ ತಯಾರಾಗಿ ಬರುತ್ತಿದೆ, ಇಲ್ಲವೇ ಇದ್ದದ್ದು ಖಾಲಿಯಾಗುತ್ತಿದೆ.

ಹಂತ 6: ಶಂಕಿತರನ್ನು ಒಬ್ಬೊಬ್ಬರಾಗಿ ಹೊರಗಿಡಿ

ಇದೇ ಕೆಲಸದ ತಿರುಳು, ಇಲ್ಲಿ ಅವಸರ ಬೇಡ. ಎಂ1 ಗ್ರಾಹಕ ಜಿಕ್ಯೂ ಎಂಬ ಸಂದೇಶ ದಾಟಿಸುವ ಪ್ರೋಟೀನನ್ನು ಎಬ್ಬಿಸುತ್ತದೆ. ಅದು ಫಾಸ್ಫೋಲೈಪೇಸ್-ಸಿಯನ್ನು ಎಬ್ಬಿಸುತ್ತದೆ. ಈ ಎನ್ಜೈಮ್ ಪೊರೆಯ ಒಳಪದರದಲ್ಲಿರುವ ಪಿಐಪಿ2 ಎಂಬ ಲಿಪಿಡನ್ನು ಎರಡು ತುಂಡು ಮಾಡುತ್ತದೆ. ಒಂದು ತುಂಡು, ಐಪಿ3, ಕ್ಯಾಲ್ಸಿಯಂ ಬಿಡಿಸುತ್ತದೆ. ಇನ್ನೊಂದು, ಡಿಎಜಿ, ಪ್ರೋಟೀನ್ ಕೈನೇಸ್-ಸಿಯನ್ನು ಎಬ್ಬಿಸುತ್ತದೆ. ಹಾಗಾದರೆ ಚಾನೆಲ್ ಮುಚ್ಚಿಸಿದ್ದು ಕ್ಯಾಲ್ಸಿಯಮ್ಮೋ, ಕೈನೇಸೋ, ಪಿಐಪಿ2 ಇಲ್ಲದೇ ಹೋದದ್ದೋ? ಕರೆಂಟ್ ಪತ್ತೆಯಾದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪ್ರಶ್ನೆ ಕಾಡಿತು. ಎಲ್ಲರೂ ಬರುವ ಸಂದೇಶವಾಹಕವನ್ನೇ ಹುಡುಕುತ್ತಿದ್ದರು. 2002ರಲ್ಲಿ ಸುಹ್ ಮತ್ತು ಹಿಲ್ಲೆ ಖಾಲಿಯಾಗುವ ಲಿಪಿಡ್ ಕಡೆ ಬೊಟ್ಟು ಮಾಡಿದರು.

ಈ ಕ್ರಮದಲ್ಲಿ ಹೋಗಿ:

ಮೊದಲು ಕ್ಯಾಲ್ಸಿಯಂ. ಪಿಪೆಟ್ ಒಳಗೆ ಇಜಿಟಿಎ ಬದಲು ಬಾಪ್ಟಾವನ್ನು ಜಾಸ್ತಿ ಸಾಂದ್ರತೆಯಲ್ಲಿ ಹಾಕಿ. ಅದು ಕ್ಯಾಲ್ಸಿಯಂ ಅನ್ನು ಬೇಗ ಹಿಡಿದುಕೊಳ್ಳುತ್ತದೆ. ಆದರೂ ಕರೆಂಟ್ ಅಡಗಿದರೆ ಕ್ಯಾಲ್ಸಿಯಂ ಏರಿಕೆ ಒಂದೇ ಕಾರಣ ಅಲ್ಲ.

ಆಮೇಲೆ ಕೈನೇಸ್. ಕೈನೇಸ್-ಸಿ ತಡೆಯುವ ಔಷಧದ ಜೊತೆ ಮತ್ತೆ ಮಾಡಿ. ಎಕೆಎಪಿ79 ಎಂಬ ಪ್ರೋಟೀನ್ ಈ ಕೈನೇಸನ್ನು ಚಾನೆಲ್ ಪಕ್ಕದಲ್ಲೇ ತಂದು ನಿಲ್ಲಿಸುತ್ತದೆ. ಕೋಶದಲ್ಲಿ ಅದು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಕೈನೇಸ್‌ನ ಪಾಲು ಹೆಚ್ಚುಕಮ್ಮಿ ಆಗುತ್ತದೆ.

ಮೂರನೆಯದಾಗಿ ಲಿಪಿಡ್ ಮರುತಯಾರಿ. ವೋರ್ಟ್‌ಮ್ಯಾನಿನ್ ಹಾಕಿ, ಆದರೆ ಪ್ರಮಾಣದ ಮೇಲೆ ಕಣ್ಣಿಡಿ. ನ್ಯಾನೋಮೋಲಾರ್‌ನಲ್ಲಿ ಅದು ಪಿಐ3-ಕೈನೇಸನ್ನು ಮಾತ್ರ ತಡೆಯುತ್ತದೆ. ಹತ್ತಾರು ಮೈಕ್ರೋಮೋಲಾರ್‌ಗೆ ಹೋದಾಗ ಪಿಐ4-ಕೈನೇಸನ್ನೂ ತಡೆದು ಪಿಐಪಿ2 ತಯಾರಿ ನಿಲ್ಲಿಸುತ್ತದೆ. ಆಗ ಕರೆಂಟ್ ಎಂದಿನಂತೆ ಅಡಗುತ್ತದೆ, ಆದರೆ ತೊಳೆದರೂ ವಾಪಸ್ ಬರುವುದಿಲ್ಲ. ಈ ವ್ಯತ್ಯಾಸವೇ ಲಿಪಿಡ್ ಕಡೆ ಬೆರಳು ತೋರಿಸುತ್ತದೆ.

ಕೊನೆಯ ಪೆಟ್ಟು ನನಗೆ ತುಂಬಾ ಇಷ್ಟವಾದ ಉಪಾಯ. ಸಿಯೋನಾ ಎಂಬ ಸಮುದ್ರಜೀವಿಯಿಂದ ಬಂದ ಸಿಐ-ವಿಎಸ್‌ಪಿ ಎಂಬ ಎನ್ಜೈಮ್ ಇದೆ, 2005ರಲ್ಲಿ ವರದಿಯಾದದ್ದು. ಇದಕ್ಕೂ ಚಾನೆಲ್‌ನ ಹಾಗೆ ವೋಲ್ಟೇಜ್ ಗುರುತಿಸುವ ಭಾಗ ಇದೆ. ಆದರೆ ರಂಧ್ರದ ಬದಲು ಫಾಸ್ಫಟೇಸ್ ಅಂಟಿಕೊಂಡಿದೆ. +100ರ ಆಸುಪಾಸಿಗೆ ಏರಿಸಿದರೆ ಅದು ಪಿಐಪಿ2ನಿಂದ ಒಂದು ಫಾಸ್ಫೇಟ್ ಕಿತ್ತುಹಾಕುತ್ತದೆ. ಗ್ರಾಹಕ ಬೇಡ, ಐಪಿ3 ಇಲ್ಲ, ಡಿಎಜಿ ಇಲ್ಲ. ಕೆವಿ7 ಜೊತೆ ಇದನ್ನು ಕೋಶಕ್ಕೆ ಸೇರಿಸಿ +100 ಕೊಟ್ಟರೆ, ತೆರೆದೇ ಇರಬೇಕಾದ ಚಾನೆಲ್‌ನ ಕರೆಂಟ್ ಕಣ್ಣೆದುರೇ ಕರಗುತ್ತದೆ. ಎನ್ಜೈಮ್ ಸತ್ತ ರೂಪಾಂತರವನ್ನು ಕಂಟ್ರೋಲ್ ಆಗಿ ಇಡಿ. ಅದರಲ್ಲಿ ಕರೆಂಟ್ ಅಲ್ಲಾಡಬಾರದು. ಪಿಐಪಿ2 ಕಮ್ಮಿಯಾದರೆ ಸಾಕು, ಚಾನೆಲ್ ಮುಚ್ಚುತ್ತದೆ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಕಷ್ಟ.

ಇಷ್ಟಾದ ಮೇಲೂ ಎಲ್ಲ ಗ್ರಾಹಕಕ್ಕೂ ಇದೇ ಉತ್ತರ ಅಂದುಕೊಳ್ಳಬೇಡಿ. ಸಿಂಪಥೆಟಿಕ್ ನರಕೋಶದಲ್ಲಿ ಬ್ರಾಡಿಕೈನಿನ್ ಕೂಡ ಇದೇ ಜಿಕ್ಯೂ ದಾರಿಯಲ್ಲಿ ಇದೇ ಎಂ-ಕರೆಂಟನ್ನು ಇಳಿಸುತ್ತದೆ. ಆದರೆ ಅಲ್ಲಿ ಕೆಲಸ ಮಾಡುವುದು ಕ್ಯಾಲ್ಸಿಯಂ ಮತ್ತು ಚಾನೆಲ್‌ಗೆ ಅಂಟಿಕೊಂಡೇ ಇರುವ ಕ್ಯಾಲ್ಮಾಡ್ಯುಲಿನ್ ಎಂಬ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್. ಅಲ್ಲಿ ಬಾಪ್ಟಾ ಹಾಕಿದರೆ ಪರಿಣಾಮ ಹೋಗುತ್ತದೆ. ಚಾನೆಲ್ ಒಂದೇ, ದಾರಿ ಎರಡು.

ಹಂತ 7: ಫಾಸ್ಫೇಟ್ ಅಂಟಿದೆಯೇ?

ಇದಕ್ಕೆ ಕೆವಿ2.1 ಒಳ್ಳೆಯ ಉದಾಹರಣೆ. ವಿಶ್ರಾಂತ ನರಕೋಶದಲ್ಲಿ ಅದಕ್ಕೆ ಹಲವು ಕಡೆ ಫಾಸ್ಫೇಟ್ ಅಂಟಿರುತ್ತದೆ. ಕೋಶಕಾಯದ ಮೇಲೆ ಗುಂಪುಗುಂಪಾಗಿ ಕೂತಿರುತ್ತದೆ. ಗ್ಲುಟಮೇಟ್ ಜೋರಾಗಿ ಬಂದರೆ ಕ್ಯಾಲ್ಸಿಯಂ ನುಗ್ಗಿ, ಕ್ಯಾಲ್ಸಿನ್ಯೂರಿನ್ ಎಂಬ ಫಾಸ್ಫಟೇಸ್ ಆ ಫಾಸ್ಫೇಟ್‌ಗಳನ್ನು ಕೀಳುತ್ತದೆ. ಗುಂಪುಗಳು ಚದುರುತ್ತವೆ. ವಕ್ರರೇಖೆ 20 ಮಿಲಿವೋಲ್ಟ್‌ಗೂ ಹೆಚ್ಚು ಎಡಕ್ಕೆ ಸರಿಯುತ್ತದೆ. ಅಂದರೆ ಚಾನೆಲ್ ಮುಂಚೆಗಿಂತ ಸುಲಭವಾಗಿ ತೆರೆದು, ಅತಿಯಾಗಿ ಕೆರಳಿದ ಕೋಶವನ್ನು ತಣ್ಣಗೆ ಮಾಡುತ್ತದೆ.

ಸಾಬೀತು ಮಾಡಲು ಫಾಸ್ಫೇಟ್ ಅಂಟುವ ಶಂಕಿತ ಸೀರಿನ್ ಅಮೈನೋ ಆಮ್ಲಗಳನ್ನು ಫಾಸ್ಫೇಟ್ ಅಂಟಲಾರದ ಅಲನಿನ್ ಮಾಡಿ. ಪರಿಣಾಮ ಹೋದರೆ ಸುಳಿವು ಸಿಕ್ಕಿತು. ಫಾಸ್ಫೇಟನ್ನು ಅನುಕರಿಸಲು ಆಸ್ಪಾರ್ಟೇಟ್ ಹಾಕುವುದೂ ವಾಡಿಕೆ. ಅದು ಕೆಲಸ ಮಾಡದಿದ್ದರೆ ಕೈಬಿಡಬೇಡಿ. ಆಸ್ಪಾರ್ಟೇಟ್‌ನ ವಿದ್ಯುದಂಶ ಫಾಸ್ಫೇಟ್‌ನಷ್ಟು ಇಲ್ಲ, ಆಕಾರವೂ ಬೇರೆ. ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪಟ್ಟಿಯಾಗಿ ತೋರಿಸುವ ಪರೀಕ್ಷೆಯಲ್ಲಿ) ಪಟ್ಟಿ ಮೇಲೆ ಕೆಳಗೆ ಸರಿದದ್ದು ಮಾತ್ರ ತೋರಿಸಿ, ಕರೆಂಟ್ ಅಳೆಯದೆ ನಿಲ್ಲಿಸುವುದು ನನ್ನ ಪ್ರಕಾರ ಅರ್ಧ ಕೆಲಸ.

ಹಂತ 8: ಸಂಖ್ಯೆ ಎಣಿಸಿ

ಎತ್ತರ ಕುಸಿದಿದೆ, ಬದಲಾವಣೆಗೆ ಗಂಟೆಗಳು ಹಿಡಿದಿವೆ ಅಂದರೆ ಪೊರೆಯಲ್ಲಿರುವ ಚಾನೆಲ್‌ಗಳನ್ನು ಎಣಿಸುವ ಹೊತ್ತು. ಕೋಶದ ಹೊರಮೈಯ ಪ್ರೋಟೀನ್‌ಗಳಿಗೆ ಮಾತ್ರ ಬಯೋಟಿನ್ ಎಂಬ ಗುರುತು ಅಂಟಿಸಿ, ಕೋಶ ಒಡೆದು, ಬಯೋಟಿನ್ ಹಿಡಿಯುವ ಮಣಿಗಳಿಂದ ಹಿಡಿದು, ವೆಸ್ಟರ್ನ್ ಬ್ಲಾಟ್ ಮಾಡಿ. ಎಲ್ಲವೂ 4 ಡಿಗ್ರಿಯಲ್ಲಿ ನಡೆಯಲಿ, ಬಿಸಿ ಇದ್ದರೆ ಪೊರೆ ಒಳಗೆ ಎಳೆದುಕೊಳ್ಳುತ್ತಲೇ ಇರುತ್ತದೆ. ಜೊತೆಗೆ ಟ್ಯೂಬುಲಿನ್‌ನಂಥ ಒಳಗಿನ ಪ್ರೋಟೀನ್ ಕಡೆಗೂ ನೋಡಿ. ಅದು ಮಣಿಯಲ್ಲಿ ಕಂಡರೆ ಕೋಶ ಒಡೆದು ಬಯೋಟಿನ್ ಒಳಗೆ ಹೋಗಿದೆ, ಆ ಬ್ಲಾಟ್ ಬಿಟ್ಟುಬಿಡಿ.

ಸಂಖ್ಯೆ ಎಷ್ಟು ಮುಖ್ಯ ಅನ್ನುವುದಕ್ಕೆ ಹರ್ಗ್ ನೋಡಿ. ಈ ಚಾನೆಲ್‌ನ ದೋಷದಿಂದ ಬರುವ ಎರಡನೆಯ ಬಗೆಯ ದೀರ್ಘ ಕ್ಯೂಟಿ ಕಾಯಿಲೆಯ ಅನೇಕ ರೂಪಾಂತರಗಳಲ್ಲಿ ಚಾನೆಲ್ ತಯಾರಾಗುತ್ತದೆ, ಆದರೆ ಮಡಿಕೆ ಸರಿ ಇಲ್ಲದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಕೆಲವನ್ನು 27 ಡಿಗ್ರಿಯಲ್ಲಿ ಬೆಳೆಸಿದರೆ ಹೊರಬಂದು ಕೆಲಸ ಮಾಡುತ್ತವೆ. ಕೆವಿ7 ಕುಟುಂಬದಲ್ಲಿ ನೆಡ್4-2 ಎಂಬ ಎನ್ಜೈಮ್ ಯುಬಿಕ್ವಿಟಿನ್ ಗುರುತು ಹಾಕಿ ಚಾನೆಲ್‌ಗಳನ್ನು ಪೊರೆಯಿಂದ ಇಳಿಸುತ್ತದೆ.

ಹಂತ 9: ಜೊತೆಗಾರರು

ಇಲ್ಲಿ ಬೇಗ ದಾಟಬಹುದು, ಆದರೆ ಬಿಡುವಂತಿಲ್ಲ. ಕೆವಿ7.1 ಒಂಟಿಯಾಗಿ ಬೇಗ ತೆರೆಯುತ್ತದೆ. ಕೆಸಿಎನ್‌ಇ1 ಎಂಬ ಸಣ್ಣ ಪ್ರೋಟೀನ್ ಸೇರಿದರೆ ನಿಧಾನವಾಗುತ್ತದೆ, ಕರೆಂಟ್ ದೊಡ್ಡದಾಗುತ್ತದೆ. ಹೃದಯದ ಐಕೆಎಸ್ ಕರೆಂಟ್ ಅದೇ. ಕೆವಿ5, 6, 8, 9 ಒಂಟಿಯಾಗಿ ಚಾನೆಲ್ಲೇ ಆಗುವುದಿಲ್ಲ, ಕೆವಿ2 ಜೊತೆ ಸೇರಿ ಅದರ ಗುಣ ಬದಲಿಸುತ್ತವೆ. ಬೀಟಾ1 ಉಪಘಟಕ ಸೇರಿದರೆ, ಜಡವಾಗದ ಕೆವಿ1.1 ಕೂಡ ಬೇಗ ಜಡವಾಗುತ್ತದೆ. ನಿಮ್ಮ ಕೋಶದಲ್ಲಿ ಯಾರ್ಯಾರು ಇದ್ದಾರೆ ಅಂತ ಗೊತ್ತಿಲ್ಲದೆ ಸಿಎಚ್‌ಒ ಕೋಶದ ಫಲಿತಾಂಶವನ್ನು ಹೃದಯಕ್ಕೋ ಮೆದುಳಿಗೋ ಒಯ್ಯಬೇಡಿ.

ಹಂತ 10: ನಿಜವಾದ ನರಕೋಶದಲ್ಲಿ

ಈಗ ವೋಲ್ಟೇಜ್ ಹಿಡಿಯುವುದನ್ನು ಬಿಟ್ಟು ಕರೆಂಟ್-ಕ್ಲ್ಯಾಂಪ್‌ಗೆ ಬನ್ನಿ. ಇಲಿಯ ಸಿಂಪಥೆಟಿಕ್ ನರಕೋಶಕ್ಕೆ ಅರ್ಧದಿಂದ ಒಂದು ಸೆಕೆಂಡಿನ ಕರೆಂಟ್ ಪಲ್ಸ್ ಕೊಡಿ. ಬಹಳಷ್ಟು ಕೋಶಗಳು ಮೊದಲಿಗೆ ಒಂದೆರಡು ಸ್ಪೈಕ್ (ನರಸಂಕೇತದ ವಿದ್ಯುತ್ ಮಿಡಿತ) ಹಾರಿಸಿ ಸುಮ್ಮನಾಗುತ್ತವೆ. ಸ್ಪೈಕ್‌ಗಳಿಂದಾಗಿ ಎಂ-ಕರೆಂಟ್ ಏರಿ ಕೋಶವನ್ನು ಕೆಳಗೆ ಹಿಡಿಯುತ್ತದೆ. ಆಕ್ಸೋಟ್ರೆಮೋರಿನ್-ಎಂ ಹಾಕಿ ಅದೇ ಪಲ್ಸ್ ಕೊಟ್ಟರೆ ಉದ್ದಕ್ಕೂ ಸ್ಪೈಕ್‌ಗಳ ಸಾಲು ಬರುತ್ತದೆ. ಇದರ ವಿರುದ್ಧ ದಿಕ್ಕಿನಲ್ಲಿ ರೆಟಿಗಾಬಿನ್ ಕೆವಿ7 ಅನ್ನು ತೆರೆದು ಕೋಶವನ್ನು ಸುಮ್ಮನಾಗಿಸುತ್ತದೆ. 2011ರಲ್ಲಿ ಅದು ಫಿಟ್ಸ್ ಔಷಧಿಯಾಗಿ ಬಂತು. ಚರ್ಮ ಮತ್ತು ರೆಟಿನಾದಲ್ಲಿ ಬಣ್ಣ ಕಟ್ಟುವ ತೊಂದರೆ ಕಂಡುಬಂತು, 2017ರಲ್ಲಿ ಮಾರುಕಟ್ಟೆಯಿಂದ ಹೋಯಿತು. ರಿಗ್‌ನಲ್ಲಿ ಮಾತ್ರ ಇಂದಿಗೂ ಕೆಲಸದ ಔಷಧ.

ನರಕೋಶದಲ್ಲಿ ಮಸ್ಕರಿನಿಕ್ ಗ್ರಾಹಕ ಎಂ-ಕರೆಂಟ್ ಒಂದನ್ನೇ ಮುಟ್ಟುವುದಿಲ್ಲ ಅಲ್ವಾ? ಕ್ಯಾಲ್ಸಿಯಂ ಚಾನೆಲ್‌ಗಳನ್ನೂ ಬದಲಿಸುತ್ತದೆ. ಆದ್ದರಿಂದ ಇನ್ನೊಂದು ಕೋಶದಲ್ಲಿ ಕ್ರಮ ತಿರುಗಿಸಿ. ಮೊದಲೇ ಎಕ್ಸ್‌ಇ991 ಹಾಕಿ ಕೆವಿ7 ಮುಚ್ಚಿಬಿಡಿ, ಆಮೇಲೆ ಆಕ್ಸೋಟ್ರೆಮೋರಿನ್-ಎಂ ಹಾಕಿ. ಆಗಲೂ ಸ್ಪೈಕ್‌ಗಳು ಇನ್ನಷ್ಟು ಹೆಚ್ಚಿದರೆ, ಆ ಹೆಚ್ಚಳವನ್ನು ಕೆವಿ7 ಖಾತೆಗೆ ಬರೆಯಬೇಡಿ.